ಯುದ್ಧಕಾಲದ ಹೆಣಿಗೆ ಪ್ಯಾಟರ್ನ್‌ಗಳು: ಚಿಕ್ಕಮಗಳೂರಿನ ಚಳಿಗೆ ಯಾವುದು ಆದೀತು?

ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ 1940ರ ದಶಕದ ಒಂದಷ್ಟು ಹೆಣಿಗೆ ಪ್ಯಾಟರ್ನ್‌ಗಳನ್ನು ವೆಬ್‌ಸೈಟಿನಲ್ಲಿ ಪುಕ್ಕಟೆ ಇಟ್ಟಿದೆ. ಆ ಕಾಲದ ಪತ್ರಿಕೆಗಳ ಸ್ಕ್ಯಾನ್ ಪ್ರತಿಗಳೂ ಹುಡುಕಿದರೆ ಸಿಗುತ್ತವೆ. ನೋಡಲು ಸೊಗಸು, ಇದ್ದದ್ದು ಇದ್ದ ಹಾಗೇ ಹಾಕಲು ಕೂತರೆ ಕೈಕೊಡುತ್ತವೆ.

ಬ್ರಿಟನ್ನಿನಲ್ಲಿ 1941ರ ಜೂನ್‌ನಿಂದ 1949ರ ಮಾರ್ಚ್‌ವರೆಗೆ ಬಟ್ಟೆಗೆ ರೇಷನ್ ಇತ್ತು. ಎರಡು ಔನ್ಸ್, ಅಂದರೆ ಸುಮಾರು 57 ಗ್ರಾಂ ಉಲ್ಲನ್‌ಗೆ ಒಂದು ಕೂಪನ್. ಮೋಟು ತೋಳು, ಸೊಂಟಕ್ಕೇ ನಿಲ್ಲುವ ಉದ್ದ, ಉಳಿದ ನೂಲಿನ ಪಟ್ಟೆ ಎಲ್ಲಕ್ಕೂ ಇದೇ ಕಾರಣ. ಅಳತೆಯೂ ಬಹುಪಾಲು ಒಂದೇ: ಎದೆ 32 ಅಥವಾ 34 ಇಂಚು.

ಕಡ್ಡಿಯ ವಿಷಯದಲ್ಲಿ ನಮಗೆ ಅನುಕೂಲ. ಇಲ್ಲಿ ಈಗಲೂ ಹಳೇ ಬ್ರಿಟಿಷ್ ನಂಬರೇ ನಡೆಯುತ್ತದೆ. 10 ಅಂದರೆ 3.25 ಮಿ.ಮೀ., 8 ಅಂದರೆ 4. ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಅಮೆರಿಕದ ಪತ್ರಿಕೆಯಾದರೆ ಲೆಕ್ಕ ಉಲ್ಟಾ.

ತೊಡಕಿರುವುದು ನೂಲಿನಲ್ಲಿ. ಪ್ಯಾಟರ್ನ್ ಇಂಚಿಗೆ ಏಳೂವರೆ ಸ್ಟಿಚ್ ಕೇಳುತ್ತದೆ. ಊರಿನ ಅಂಗಡಿಯ ಸಾಮಾನ್ಯ ಆಕ್ರಿಲಿಕ್ (ಕೃತಕ ನೂಲು) ಉಂಡೆ ದಪ್ಪ, ಇಂಚಿಗೆ ಆರು ಬಂದರೆ ಹೆಚ್ಚು. ಬೆನ್ನಿಗೆ 120 ಸ್ಟಿಚ್ ಎಂದಿದ್ದರೆ ಅವರ ಲೆಕ್ಕಕ್ಕೆ 16 ಇಂಚು, ನಮ್ಮದಕ್ಕೆ 20. ಅಲ್ಲಿಗೆ 32ರ ಸ್ವೆಟರ್ 40 ಆಯಿತು. ಒಳ್ಳೆಯದೇ ಆಯಿತು ಅನ್ನಬೇಡಿ: 13 ಇಂಚಿನ ಭುಜವೂ 16 ದಾಟಿ ತೋಳಿನ ಮೇಲೆ ಜೋತುಬೀಳುತ್ತದೆ. ಕಂಕುಳಲ್ಲಿ ಹೆಚ್ಚು ಸ್ಟಿಚ್ ಇಳಿಸಿ ಭುಜ ತಗ್ಗಿಸಬೇಕು, ಉದ್ದವನ್ನು ಸಾಲಿನ ಬದಲು ಟೇಪಿನಲ್ಲೇ ಅಳೆಯಬೇಕು. ಆರು ಔನ್ಸ್ ಬರೆದಿದ್ದರೆ 170 ಗ್ರಾಂ ಸಾಲದು, ಹತ್ತಿರಹತ್ತಿರ ಇಮ್ಮಡಿ ತೆಗೆದಿಟ್ಟುಕೊಳ್ಳಿ. ಇಷ್ಟೆಲ್ಲ ಬೇಡವೆಂದರೆ ಸಣ್ಣ ಬೇಬಿ ಉಲ್ಲನ್ ಕೇಳಿ. ಮೊದಲು ನಾಲ್ಕಿಂಚಿನ ಚೌಕ ಹಾಕಿ ಎಣಿಸಿ.

‘ಒದ್ದೆ ಬಟ್ಟೆ ಹಾಸಿ ಬಿಸಿ ಇಸ್ತ್ರಿ ಮಾಡಿ’ ಎಂಬ ಸಾಲನ್ನು ಅಳಿಸಿಬಿಡಿ. ಅದು ಕುರಿ ಉಣ್ಣೆಗೆ ಹೇಳಿದ್ದು. ಆಕ್ರಿಲಿಕ್ ಬಿಸಿಗೆ ಸೋತು ಚಪ್ಪಟೆಯಾಗುತ್ತದೆ, ರಿಬ್ (ಅಂಚಿನ ಹಿಗ್ಗುವ ಗೆರೆಗೆರೆ ಹೆಣಿಗೆ) ಮತ್ತೆ ಹಿಡಿತಕ್ಕೆ ಬರುವುದೇ ಇಲ್ಲ. ಆದರೂ ಮಲೆನಾಡಿನ ಮಳೆಗಾಲದಲ್ಲಿ ಬೇಗ ಒಣಗುವುದು ಆಕ್ರಿಲಿಕ್ಕೇ, ಅಷ್ಟರಮಟ್ಟಿಗೆ ಅದಕ್ಕೇ ಓಟು.

ಸ್ವೆಟರಿಗಿಂತ ಸೈನಿಕರಿಗೆಂದು ಕೊಟ್ಟ ಬಾಲಾಕ್ಲಾವಾ ಎಷ್ಟೋ ಮೇಲು. ನಮ್ಮ ಮಂಕಿ ಕ್ಯಾಪೇ ಅದು. ಡಿಸೆಂಬರಿನ ಬೆಳಗಿಗೆ ಹೇಳಿ ಮಾಡಿಸಿದ್ದು. ಎರಡೂ ತುದಿ ಚೂಪಾದ ನಾಲ್ಕು ಕಡ್ಡಿಯ ಸೆಟ್ ಬೇಕು. ಎರಡು ನಿಟ್ (ಸೀದಾ) ಎರಡು ಪರ್ಲ್ (ಉಲ್ಟಾ) ರಿಬ್‌ಗೆ ಒಟ್ಟು ಸ್ಟಿಚ್ ನಾಲ್ಕರಿಂದ ಭಾಗವಾಗಲೇಬೇಕು. ಸುತ್ತು ಕೂಡಿಸುವ ಮುಂಚೆ ಅಂಚು ತಿರುಚಿಲ್ಲವೆಂದು ನೋಡಿಕೊಳ್ಳಿ; ಒಮ್ಮೆ ತಿರುಚಿದರೆ ಬಿಚ್ಚದೆ ಗತಿಯಿಲ್ಲ. ಮುಖಕ್ಕೆಂದು ಬಿಟ್ಟ ತೆರಪಿನ ಪಕ್ಕದಿಂದ ನಾಲ್ಕು ಸಾಲಿಗೆ ಮೂರು ಸ್ಟಿಚ್ ಎತ್ತಿ. ಪ್ರತಿ ಸಾಲಿಗೂ ಎತ್ತಿದರೆ ಅಂಚು ನಿರಿಗೆಗಟ್ಟುತ್ತದೆ.

ಕ್ರೋಶಾದಲ್ಲಿ, ಅಂದರೆ ಒಂದೇ ಕೊಕ್ಕೆ ಕಡ್ಡಿಯ ಹೆಣಿಗೆಯಲ್ಲಿ, ಬ್ರಿಟನ್ನಿಗೂ ಅಮೆರಿಕಕ್ಕೂ ಹೆಸರುಗಳೇ ಬೇರೆ. ಬ್ರಿಟಿಷರ ಡಬಲ್ ಕ್ರೋಶೆ ಅಮೆರಿಕದವರಿಗೆ ಸಿಂಗಲ್, ಇವರ ಟ್ರೆಬಲ್ ಅವರಿಗೆ ಡಬಲ್. ಪ್ಯಾಟರ್ನ್‌ನಲ್ಲಿ ‘ಹಾಫ್ ಟ್ರೆಬಲ್’ ಕಂಡರೆ ಬ್ರಿಟಿಷ್, ‘ಹಾಫ್ ಡಬಲ್’ ಕಂಡರೆ ಅಮೆರಿಕದ್ದು.