ಬಸವನಗುಡಿಯಲ್ಲಿ ಯುರೋಪಿನ ಮತ ಸುಧಾರಣೆ: ಒಂದು ಉಪನ್ಯಾಸ ಮಾಲಿಕೆಯ ವಿಮರ್ಶೆ

ಹದಿನಾರನೆಯ ಶತಮಾನದ ಯುರೋಪಿನಲ್ಲಿ ಪೋಪನ ಚರ್ಚಿನ ವಿರುದ್ಧ ಎದ್ದ ಮತ ಸುಧಾರಣೆಯ ಬಗ್ಗೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಪ್ರೌಢಶಾಲೆಯ ಸಮಾಜ ವಿಜ್ಞಾನ ಪಠ್ಯದಲ್ಲಿದ್ದಷ್ಟು ಮಾತ್ರ: ಒಂದಿಷ್ಟು ಕಾರಣಗಳು, ಒಂದಿಷ್ಟು ಪರಿಣಾಮಗಳು, ನಡುವೆ ಚರ್ಚಿನ ಬಾಗಿಲಿಗೆ ಮೊಳೆ ಹೊಡೆಯುತ್ತಿರುವ ಮಾರ್ಟಿನ್ ಲೂಥರ್. ಈ ವಿಷಯವನ್ನು ಕನ್ನಡದಲ್ಲಿಯೇ, ಎಂಟು ಭಾನುವಾರಗಳ ಉಪನ್ಯಾಸ ಮಾಲಿಕೆಯಾಗಿ, ಅದೂ ಶುಲ್ಕ ತೆಗೆದುಕೊಂಡು ಹೇಳಿಕೊಡುತ್ತೇವೆಂದು ಹೊರಟಿರುವ ಬಸವನಗುಡಿಯ ಸಣ್ಣ ಅಧ್ಯಯನ ಕೇಂದ್ರವೊಂದರ ಧೈರ್ಯವನ್ನು ಮೊದಲು ಮೆಚ್ಚಬೇಕು. ಇದು ಅವರ ಮೊದಲ ಪ್ರಯತ್ನವಾದ್ದರಿಂದಲೂ ನಾನು ಹೇಳಲಿರುವ ಕೊರತೆಗಳು ತಿದ್ದಿಕೊಳ್ಳಬಹುದಾದವು ಆದ್ದರಿಂದಲೂ ಕೇಂದ್ರದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ವ್ಯವಸ್ಥೆಯ ಬಗ್ಗೆ ಎರಡು ಮಾತು ಸಾಕು. ಡಿ.ವಿ.ಜಿ. ರಸ್ತೆಯ ಪಕ್ಕದ ಬೀದಿಯೊಂದರಲ್ಲಿ, ಮೇಲ್ಮಹಡಿಯ ಸಭಾಂಗಣದಲ್ಲಿ, ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಪಾಠ ಆರಂಭವಾಗುತ್ತದೆ; ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಿಂದ ನಡೆದೇ ಬರಬಹುದು. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು. ಬರುವವರಲ್ಲಿ ನಿವೃತ್ತ ಬ್ಯಾಂಕ್ ನೌಕರರೇ ಹೆಚ್ಚಾಗಿರುವಾಗ ಈ ಬಗ್ಗೆ ಯೋಚಿಸಬೇಕಿತ್ತು. ಮುದ್ರಿತ ಟಿಪ್ಪಣಿಯೂ ಸೇರಿ ಶುಲ್ಕ 2,400 ರೂಪಾಯಿ.

ಮಾಲಿಕೆಯ ಅತ್ಯುತ್ತಮ ಭಾಗ ಎರಡನೆಯ ಉಪನ್ಯಾಸ. ಅದರ ವಿಷಯ ದೇವರಲ್ಲ, ಸಾಲ. ಮಾಗ್ಡೆಬರ್ಗಿನ ಆರ್ಚ್‌ಬಿಷಪ್ ಆಗಿದ್ದ ಆಲ್ಬ್ರೆಕ್ಟ್ ಮೂವತ್ತು ತುಂಬುವ ಮೊದಲೇ, 1514ರಲ್ಲಿ, ಮೈಂಟ್ಸ್‌ನ ಆರ್ಚ್‌ಬಿಷಪ್ ಪದವಿಯನ್ನೂ ಪಡೆದದ್ದು. ಒಬ್ಬನೇ ಇಷ್ಟು ಪದವಿಗಳನ್ನು ಹೊಂದಲು ರೋಮಿಗೆ ಕಟ್ಟಬೇಕಾದ ದೊಡ್ಡ ಮೊತ್ತವನ್ನು ಆಗ್ಸ್‌ಬರ್ಗಿನ ಫುಗ್ಗರ್ ಲೇವಾದೇವಿ ಮನೆತನದಿಂದ ಸಾಲ ತಂದದ್ದು. ಆ ಸಾಲ ತೀರಿಸಲು ತನ್ನ ಸೀಮೆಯಲ್ಲಿ ಕ್ಷಮಾಪಣಾ ಪತ್ರಗಳ ಮಾರಾಟಕ್ಕೆ ಪೋಪ್ ಹತ್ತನೆಯ ಲಿಯೊನಿಂದ ಅನುಮತಿ ಪಡೆದದ್ದು. ಬಂದ ಹಣದಲ್ಲಿ ಅರ್ಧ ರೋಮಿನ ಸಂತ ಪೀಟರರ ಚರ್ಚಿನ ಕಟ್ಟಡಕ್ಕೆಂದೂ ಉಳಿದರ್ಧ ಫುಗ್ಗರರಿಗೆಂದೂ ಹಂಚಿಕೆಯಾದದ್ದು: ಇವಿಷ್ಟನ್ನೂ ಉಪನ್ಯಾಸಕರು ಬೋರ್ಡಿನ ಮೇಲೆ ಜಮಾ-ಖರ್ಚಿನ ಲೆಕ್ಕದಂತೆಯೇ ಬರೆದು ತೋರಿಸಿದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ಮಹಿಳೆಯೊಬ್ಬರು, “ಅಂದ್ರೆ ಸಾರ್, ಸಾಲ ಮಾಡಿದ್ದು ಒಬ್ರು, ಕಂತು ಕಟ್ಟಿದ್ದು ಊರೋರು” ಎಂದಾಗ ಇಡೀ ಸಭಾಂಗಣ ನಕ್ಕಿತು. ಲೂಥರನ ಊರಾದ ವಿಟೆನ್‌ಬರ್ಗನ್ನು ಆಳುತ್ತಿದ್ದ ಫ್ರೆಡ್ರಿಕ್ ದೊರೆ ಈ ಪತ್ರಗಳ ಮಾರಾಟಗಾರ ಟೆಟ್ಸೆಲ್‌ನನ್ನು ತನ್ನ ಗಡಿಯೊಳಗೆ ಬಿಟ್ಟುಕೊಳ್ಳಲಿಲ್ಲವಾದರೂ, ಅದೇ ದೊರೆ ಸಂತರ ಎಲುಬು, ಬಟ್ಟೆಚೂರು ಮೊದಲಾದ 19,000ಕ್ಕೂ ಹೆಚ್ಚು ಪವಿತ್ರ ಅವಶೇಷಗಳನ್ನು ಕೂಡಿಹಾಕಿ, ಅವುಗಳ ದರ್ಶನಕ್ಕೆ ಬಂದವರಿಗೆ ಶಿಕ್ಷೆಯಲ್ಲಿ ರಿಯಾಯಿತಿ ಕೊಡಿಸುತ್ತಿದ್ದ ಎಂಬುದನ್ನೂ ಅವರು ಮರೆಮಾಚಲಿಲ್ಲ. ಈ ಪತ್ರಗಳು ಅಧಿಕೃತ ಬೋಧನೆಯ ಪ್ರಕಾರ ಪಾಪವನ್ನೇ ತೊಡೆಯುತ್ತಿರಲಿಲ್ಲ, ಪಾಪಕ್ಕೆ ಕ್ಷಮೆ ದೊರೆತ ಮೇಲೂ ಅನುಭವಿಸಬೇಕಾಗಿ ಉಳಿಯುವ ಶಿಕ್ಷೆಯನ್ನು ಮಾತ್ರ ತಗ್ಗಿಸುತ್ತಿದ್ದವು ಎಂಬ ಸೂಕ್ಷ್ಮವನ್ನು ನಮ್ಮ ಪಠ್ಯಪುಸ್ತಕಗಳು ಹೇಳಿದ್ದನ್ನು ನಾನು ನೋಡಿಲ್ಲ. ಇಲ್ಲಿ ಅದನ್ನು ಬಿಡಿಸಿ ಹೇಳಿದರು.

ಮುದ್ರಣದ ಕುರಿತ ಮೂರನೆಯ ಉಪನ್ಯಾಸವೂ ಅಷ್ಟೇ ಸೊಗಸಾಗಿತ್ತು. 1450ರ ದಶಕದಲ್ಲಿ ಮೈಂಟ್ಸ್‌ನಲ್ಲಿ ಅಚ್ಚಾದ ಕ್ಷಮಾಪಣಾ ಪತ್ರವೊಂದರ ನಕಲನ್ನು ಎಲ್ಲರ ಕೈಗೂ ಕೊಟ್ಟಿದ್ದರು. ಒಂದೇ ಹಾಳೆ, ಒತ್ತೊತ್ತಾದ ಲ್ಯಾಟಿನ್ ಸಾಲುಗಳು, ನಡುವೆ ಕೊಳ್ಳುವವರ ಹೆಸರನ್ನೂ ತಾರೀಖನ್ನೂ ಕೈಯಿಂದ ತುಂಬಲು ಬಿಟ್ಟ ಖಾಲಿ ಜಾಗ. ಲೂಥರನನ್ನು ಬೆಳೆಸಿದ ಅಚ್ಚುಮೊಳೆ ಅದಕ್ಕೂ ಅರವತ್ತು ವರ್ಷ ಮೊದಲೇ ಆತ ವಿರೋಧಿಸಿದ ವ್ಯವಹಾರಕ್ಕೆ ದುಡಿಯುತ್ತಿತ್ತು ಎಂಬುದು ಆ ಖಾಲಿ ಜಾಗವನ್ನು ನೋಡಿದಾಗ ತಾನಾಗಿಯೇ ಹೊಳೆಯುತ್ತದೆ. ಬಳಿಕ 1522ರ ಸೆಪ್ಟೆಂಬರಿನಲ್ಲಿ ಸುಮಾರು 3,000 ಪ್ರತಿಗಳಾಗಿ ಹೊರಬಂದ ಲೂಥರನ ಜರ್ಮನ್ ಹೊಸ ಒಡಂಬಡಿಕೆಯ ಚಿತ್ರವೊಂದನ್ನು ಪರದೆಯ ಮೇಲೆ ತೋರಿಸಿದರು. ಚಿತ್ರಕಾರ ಕ್ರಾನಾಕ್‌ನ ಕಾರ್ಯಾಗಾರದ ಆ ಮರದಚ್ಚಿನಲ್ಲಿ, ಬೈಬಲಿನಲ್ಲಿ ಪಾಪದ ಸಂಕೇತವಾಗಿ ಬರುವ ಬ್ಯಾಬಿಲೋನಿನ ವೇಶ್ಯೆಯ ತಲೆಯ ಮೇಲೆ ಪೋಪನ ಮೂರು ಸುತ್ತಿನ ಕಿರೀಟವಿದೆ. ಡಿಸೆಂಬರಿನ ಮರುಮುದ್ರಣದಲ್ಲಿ ಮೇಲಿನ ಸುತ್ತುಗಳನ್ನು ತೆಗೆದು ಅದನ್ನು ಸಾಧಾರಣ ಕಿರೀಟವಾಗಿಸಿದ್ದಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ವ್ಯಾಖ್ಯಾನವೇ ಬೇಕಿರಲಿಲ್ಲ. ಬಾಗಿಲಿಗೆ ಮೊಳೆ ಹೊಡೆದ ಪ್ರಸಂಗವನ್ನೂ ಎಚ್ಚರದಿಂದ ನಿಭಾಯಿಸಿದರು: 1517ರ ಅಕ್ಟೋಬರ್ 31ರಂದು ಲೂಥರ್ ಆಲ್ಬ್ರೆಕ್ಟ್‌ಗೆ ಕ್ಷಮಾಪಣಾ ಪತ್ರಗಳ ಕುರಿತ ತನ್ನ 95 ವಾದಗಳನ್ನು ಪತ್ರದೊಂದಿಗೆ ಕಳುಹಿಸಿದ್ದು ಖಚಿತ, ಬಾಗಿಲಿನ ಕಥೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ ಎಂದು ಹೇಳಿ ಮುಂದೆ ಹೋದರು.

ಇಷ್ಟು ಚೆನ್ನಾಗಿ ನಡೆದ ಮಾಲಿಕೆ ಐದನೆಯ ವಾರದಲ್ಲಿ ಎಡವುತ್ತದೆ. 1524-25ರ ಜರ್ಮನ್ ರೈತ ಬಂಡಾಯಕ್ಕೆ ದೊರೆತದ್ದು ಕಾಫಿ ವಿರಾಮಕ್ಕೆ ಮೊದಲಿನ ಕೆಲವು ನಿಮಿಷಗಳು ಮಾತ್ರ. ಮೆಮ್ಮಿಂಗೆನ್‌ನಲ್ಲಿ ರೂಪುಗೊಂಡ ಹನ್ನೆರಡು ಬೇಡಿಕೆಗಳನ್ನು ಒಂದೊಂದಾಗಿ ಓದಿಸಬೇಕಿತ್ತು. ತಮ್ಮ ಪಾದ್ರಿಯನ್ನು ತಾವೇ ಆರಿಸುವ ಹಕ್ಕು ಬೇಕು. ಧಾನ್ಯದ ದಶಮಾಂಶ ಪಾದ್ರಿಯ ಜೀವನಕ್ಕೂ ಬಡವರಿಗೂ ಸಲ್ಲಬೇಕು. ಕ್ರಿಸ್ತ ಎಲ್ಲರಿಗಾಗಿ ರಕ್ತ ಸುರಿಸಿರುವಾಗ ನಾವು ಜೀತದಾಳುಗಳಾಗಿ ಇರಲಾರೆವು. ಕಾಡಿನ ಸೌದೆ, ಹೊಳೆಯ ಮೀನು, ಊರೊಟ್ಟಿನ ಗೋಮಾಳ ನಮಗೆ ಮರಳಬೇಕು. ಇವುಗಳಲ್ಲಿ ಯಾವುದಾದರೂ ಧರ್ಮಗ್ರಂಥಕ್ಕೆ ವಿರುದ್ಧವೆಂದು ತೋರಿಸಿಕೊಟ್ಟರೆ ಅದನ್ನು ಕೈಬಿಡುತ್ತೇವೆ. ಲೂಥರನ ಮಾತನ್ನು ಹಳ್ಳಿಯವರು ಹೇಗೆ ಕೇಳಿಸಿಕೊಂಡರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಮೊದಲು ಎರಡೂ ಕಡೆಯವರಿಗೆ ಬುದ್ಧಿ ಹೇಳಿದ ಲೂಥರ್, ಬಂಡಾಯ ಹಬ್ಬಿದಾಗ ಬಂಡುಕೋರರನ್ನು ಕಂಡಲ್ಲಿ ಕೊಲ್ಲಬಹುದೆಂಬ ಅರ್ಥದ ಕರಪತ್ರ ಬರೆದ. 1525ರ ಮೇ 15ರಂದು ಫ್ರಾಂಕೆನ್‌ಹೌಸೆನ್‌ನಲ್ಲಿ ರೈತರ ದಂಡು ನುಚ್ಚುನೂರಾಯಿತು. ಅವರ ಜೊತೆಗಿದ್ದ ಬೋಧಕ ಥಾಮಸ್ ಮ್ಯುಂಟ್ಸರ್‌ನ ತಲೆ ಕಡಿದರು. ಜ್ಯೂರಿಕ್‌ನ ಆನಾಬ್ಯಾಪ್ಟಿಸ್ಟರದೂ ಇದೇ ಗತಿ. ಶಿಶುಗಳಿಗೆ ದೀಕ್ಷಾಸ್ನಾನ ಕೂಡದು, ನಂಬಿಕೆ ಬಂದ ವಯಸ್ಕರಿಗಷ್ಟೇ ಸಲ್ಲಬೇಕು ಎಂದ ಫೆಲಿಕ್ಸ್ ಮಾಂಟ್ಸ್‌ನನ್ನು 1527ರ ಜನವರಿಯಲ್ಲಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದದ್ದು ಸುಧಾರಕರದೇ ನಗರಾಡಳಿತ. ಉಪನ್ಯಾಸದಲ್ಲಿ ಅವನ ಹೆಸರೂ ಬರಲಿಲ್ಲ. ಅದೇ ವೇಳೆಗೆ ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆರು ಮದುವೆಗಳಿಗೆ ಒಂದು ಇಡೀ ಬೆಳಗು ಮೀಸಲಾಗಿತ್ತು. 1536ರಿಂದ 1540ರೊಳಗೆ ಮುಚ್ಚಿಹೋದ ಮಠಗಳ ಆಸ್ತಿ ಯಾರ ಪಾಲಾಯಿತು ಎಂಬುದಕ್ಕೆ ಅದರಲ್ಲಿ ಅರ್ಧವಾದರೂ ಸಿಗಬಹುದಿತ್ತು.

ಈ ಅವಸರದ ಪರಿಣಾಮ ಕೊನೆಯ ವಾರ ಕಂಡಿತು. ಬಸವಣ್ಣನವರನ್ನು “ಕನ್ನಡದ ಲೂಥರ್” ಎಂದು ಕರೆದು, ಜನರ ನುಡಿಯಲ್ಲಿ ಮಾತಾಡಿದ್ದನ್ನೂ ಪುರೋಹಿತರ ಮಧ್ಯಸ್ಥಿಕೆಯನ್ನು ತಳ್ಳಿಹಾಕಿದ್ದನ್ನೂ ಎತ್ತಿ ತೋರಿಸಿ ಉಪನ್ಯಾಸಕರು ಮಾಲಿಕೆಯನ್ನು ಮುಗಿಸಿದರು. ಚಪ್ಪಾಳೆಯೇನೋ ಜೋರಾಗಿಯೇ ಬಿತ್ತು. ಆದರೆ ಲೂಥರನ ಬೆನ್ನಿಗೆ ದೊರೆಯಿದ್ದ, ಅಚ್ಚುಕೂಟವಿತ್ತು. 1521ರಲ್ಲಿ, ಚಕ್ರವರ್ತಿಯ ಮುಂದೆ ತನ್ನ ಬರಹಗಳನ್ನು ಹಿಂತೆಗೆದುಕೊಳ್ಳಲು ಒಪ್ಪದೆ ವೋರ್ಮ್ಸ್ ಸಭೆಯಿಂದ ಮರಳುವಾಗ ಫ್ರೆಡ್ರಿಕ್ ಅವನನ್ನು ವಾರ್ಟ್‌ಬರ್ಗ್ ಕೋಟೆಯಲ್ಲಿ ಅಡಗಿಸಿಡದೇ ಇದ್ದಿದ್ದರೆ, 1415ರಲ್ಲಿ ಕಾನ್‌ಸ್ಟನ್ಸ್‌ನಲ್ಲಿ ಸುಟ್ಟುಹೋದ ಬೊಹೆಮಿಯದ ಸುಧಾರಕ ಯಾನ್ ಹುಸ್‌ನ ಪಾಡೇ ಅವನಿಗೂ ಒದಗಬಹುದಿತ್ತು. ಹನ್ನೆರಡನೆಯ ಶತಮಾನದ ಶರಣರ ವಚನಗಳು ತಾಳೆಗರಿಯಲ್ಲಿ ಉಳಿದು ಬಂದವು. ಕಾಯಕದವರು, ಅಂತ್ಯಜರು ಅಲ್ಲಿ ಕೇಳುಗರಷ್ಟೇ ಆಗಿರದೆ ವಚನಕಾರರೂ ಆಗಿದ್ದರು. ಹನ್ನೆರಡು ಬೇಡಿಕೆಗಳನ್ನು ಐದನೆಯ ವಾರ ಸರಿಯಾಗಿ ಓದಿದ್ದರೆ ಈ ಹೋಲಿಕೆ ಇಷ್ಟು ಸಲೀಸಾಗಿ ನಾಲಿಗೆಗೆ ಬರುತ್ತಿರಲಿಲ್ಲ.

ನಮ್ಮ ನಾಡಿನೊಂದಿಗೆ ನಂಟು ತೋರಿಸಲೇಬೇಕೆಂದಿದ್ದರೆ ಅದಕ್ಕೆ ಹೋಲಿಕೆಗಿಂತ ಗಟ್ಟಿಯಾದ ದಾರಿಗಳು ಇವೆ. ಕ್ಯಾಥೊಲಿಕರ ಪ್ರತಿಸುಧಾರಣೆಯನ್ನು, ಅಂದರೆ 1540ರಲ್ಲಿ ಪೋಪನ ಮನ್ನಣೆ ಪಡೆದ ಜೆಸ್ಯೂಟ್ ಪಾದ್ರಿಗಳ ಸಂಘವನ್ನೂ 1545ರಿಂದ 1563ರವರೆಗೆ ಬಿಟ್ಟು ಬಿಟ್ಟು ನಡೆದ ಚರ್ಚಿನ ಟ್ರೆಂಟ್ ಮಹಾಸಭೆಯನ್ನೂ, ಇಲ್ಲಿ ಅರ್ಧ ಗಂಟೆಯಲ್ಲಿ ಮುಗಿಸಿದರು. ಅದರ ಅಲೆ ಬಂದು ಬಡಿದದ್ದು ನಮ್ಮ ಪಕ್ಕದ ಗೋವೆಗೆ: 1542ರಲ್ಲಿ ಜೆಸ್ಯೂಟ್ ಪಾದ್ರಿ ಫ್ರಾನ್ಸಿಸ್ ಜೇವಿಯರ್ ಅಲ್ಲಿಗೆ ಬಂದ, 1556ರಲ್ಲಿ ಮುದ್ರಣಯಂತ್ರ ಬಂತು, 1560ರಲ್ಲಿ ಮತದ್ರೋಹದ ವಿಚಾರಣೆ ನಡೆಸುವ ಇನ್‌ಕ್ವಿಸಿಷನ್ ಆರಂಭವಾಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕಥೆಯೂ ಹೀಗೆಯೇ. 1516ರಲ್ಲಿ ವಿದ್ವಾಂಸ ಎರಾಸ್ಮಸ್ ಸಂಪಾದಿಸಿದ ಗ್ರೀಕ್ ಹೊಸ ಒಡಂಬಡಿಕೆಯೂ 1536ರಲ್ಲಿ ಸುಧಾರಕ ಕ್ಯಾಲ್ವಿನ್‌ನ ಮುಖ್ಯ ಕೃತಿಯ ಮೊದಲ ಆವೃತ್ತಿಯೂ ಅಚ್ಚಾದದ್ದು ಅಲ್ಲಿ. ಅದೇ ಊರಿನ ಹೆಸರು ಹೊತ್ತ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, ಮುಂದೆ ಕನ್ನಡದ ಅಚ್ಚುಕೂಟ ತೆರೆದು, ಅದರ ಪಾದ್ರಿ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ. ಕನ್ನಡ ಶ್ರೋತೃಗಳ ಮುಂದೆ ಈ ದಾರಿಯನ್ನು ಬಿಟ್ಟುಕೊಟ್ಟದ್ದು ನನಗೆ ಅರ್ಥವಾಗಲಿಲ್ಲ.

ಟಿಪ್ಪಣಿ ಪುಸ್ತಕದ ಕಾಗದ ಚೆನ್ನಾಗಿದೆ, ನಕ್ಷೆಗಳು ಓದುವಂತಿವೆ; ಕರಡು ತಿದ್ದಿದವರು ಮಾತ್ರ ಇನ್ನಷ್ಟು ಶ್ರಮ ವಹಿಸಬೇಕಿತ್ತು. ಫ್ರಾನ್ಸಿನ ಪ್ರೊಟೆಸ್ಟಂಟರಿಗೆ ಹಕ್ಕುಗಳನ್ನು ಕೊಟ್ಟ 1598ರ ನಾಂಟ್ ಶಾಸನ ಒಂದು ಕಡೆ 1589 ಎಂದಾಗಿದೆ, ಜ್ಯೂರಿಕ್‌ನ ಸುಧಾರಕ ಜ್ವಿಂಗ್ಲಿಯ ಹೆಸರು ಮೂರು ರೀತಿಯಲ್ಲಿ ಅಚ್ಚಾಗಿದೆ. ಈ ಕೊರತೆಗಳಿದ್ದರೂ ಮೊದಲ ನಾಲ್ಕು ಉಪನ್ಯಾಸಗಳಿಗೇ ಕೊಟ್ಟ ಹಣ ಸಂದಿತು ಎಂದು ನಾನು ಭಾವಿಸುತ್ತೇನೆ; ಇತಿಹಾಸ ಕಲಿಸುವ ಶಿಕ್ಷಕರು ಮುಂದಿನ ತಂಡಕ್ಕೆ ಹಿಂಜರಿಕೆಯಿಲ್ಲದೆ ಸೇರಬಹುದು. ಸೇರುವವರು ಐದನೆಯ ಭಾನುವಾರಕ್ಕೆ ಮುಂಚೆ ಹನ್ನೆರಡು ಬೇಡಿಕೆಗಳನ್ನು ಎಲ್ಲಿಂದಾದರೂ ಸಂಪಾದಿಸಿ ಓದಿಕೊಂಡು ಹೋಗಿ, ಕಾಫಿ ವಿರಾಮಕ್ಕೆ ಮೊದಲೇ ಕೈಯೆತ್ತಿ ಪ್ರಶ್ನೆ ಕೇಳಲಿ. ಮೇಷ್ಟ್ರು ಪ್ರಶ್ನೆಗೆ ಬೇಸರಪಟ್ಟುಕೊಳ್ಳುವವರಲ್ಲ.