ಸೆಮಿಸ್ಟರ್‌ಗೆಂದು ವಿದೇಶಕ್ಕೆ ಹೊರಟವರ ದೊಡ್ಡ ಪೆಟ್ಟಿಗೆ: ನಾಲ್ಕು ಗಾಲಿಯೋ, ಎರಡು ಗಾಲಿಯೋ, ಡಫಲ್ಲೋ?

ಮೊದಲೇ ಹೇಳಿಬಿಡುತ್ತೇನೆ: ನಾಲ್ಕೈದು ತಿಂಗಳ ಸೆಮಿಸ್ಟರ್‌ಗೆ ಹೊರಟ ವಿದ್ಯಾರ್ಥಿಗೆ ನನ್ನ ಮತ ಎರಡು ಗಾಲಿಯ, ಬಟ್ಟೆ ಮೈಯ, ಸುಮಾರು 70 ಸೆಂ.ಮೀ. ಎತ್ತರದ ಸೂಟ್‌ಕೇಸ್‌ಗೆ. ಅಂಗಡಿಗಳ ಮುಂದಿನ ಸಾಲಿನಲ್ಲಿ ಈಗ ಮಿಂಚುತ್ತ ನಿಂತಿರುವುದು ನಾಲ್ಕು ಗಾಲಿಯ ಗಟ್ಟಿ ಚಿಪ್ಪಿನವು. ಎರಡು ಗಾಲಿಯವನ್ನು ಕೇಳಿದರೆ ಒಳಗಿನಿಂದ ತಂದು ತೋರಿಸುತ್ತಾರೆ. ಆದರೂ ಕೇಳಿ ತರಿಸಿಕೊಳ್ಳಿ. ಎರಡನ್ನೂ, ಜೊತೆಗೆ ಗಾಲಿಯಿರುವ ಒಂದು ಡಫಲ್ ಚೀಲವನ್ನೂ (ಚೌಕಟ್ಟಿಲ್ಲದ ಮೆತ್ತನೆಯ ಉದ್ದ ಚೀಲ) 22 ಕೆಜಿ ತುಂಬಿಸಿ ನುಣುಪು ನೆಲ, ಕಲ್ಲುಹಾಸು, ಮೆಟ್ಟಿಲು ಎಲ್ಲದರ ಮೇಲೂ ಎಳೆದು ನೋಡಿ ಬರೆಯುತ್ತಿರುವುದಿದು.

ಪ್ರವಾಸಿಯ ಪೆಟ್ಟಿಗೆಗೂ ಸೆಮಿಸ್ಟರ್ ವಿದ್ಯಾರ್ಥಿಯ ಪೆಟ್ಟಿಗೆಗೂ ಒಂದು ವ್ಯತ್ಯಾಸವಿದೆ. ಪ್ರವಾಸಿ ವಿಮಾನ ನಿಲ್ದಾಣದ ಬಾಗಿಲಲ್ಲೇ ಟ್ಯಾಕ್ಸಿ ಹತ್ತುತ್ತಾನೆ. ವಿದ್ಯಾರ್ಥಿ ಹಣ ಉಳಿಸಲು ರೈಲು ಹಿಡಿದು, ಬಸ್ಸು ಬದಲಿಸಿ, ಕೊನೆಯ ಅರ್ಧ ಕಿಲೋಮೀಟರ್ ನಡೆದು, ಲಿಫ್ಟ್ ಇಲ್ಲದ ಹಾಸ್ಟೆಲಿನ ಮೂರನೇ ಮಹಡಿಗೆ ಹೊತ್ತು ಹತ್ತುತ್ತಾನೆ. ಸೆಮಿಸ್ಟರ್ ಮಧ್ಯೆ ಕೋಣೆ ಬದಲಾದರೆ ಅದೇ ಕೆಲಸ ಮತ್ತೊಮ್ಮೆ. ನುಣುಪು ಕಾರಿಡಾರಿನಲ್ಲಿ ನಾಲ್ಕು ಗಾಲಿಯದೇ ಗೆಲುವು, ಒಂದೇ ಬೆರಳಿಗೆ ಸರಿಯುತ್ತದೆ, ಕೈಗೆ ಭಾರವೇ ಇಲ್ಲ. ಆದರೆ ಆ ಸುಖ ಇಡೀ ಪಯಣದಲ್ಲಿ ಅರ್ಧ ಗಂಟೆಯದು.

ಜೀವ ಹಿಂಡುವುದು ಗಾಲಿ. ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ನಾಲ್ಕು ಗಾಲಿಯ ಪೆಟ್ಟಿಗೆಯ ಗಾಲಿಗಳು ಸಾಮಾನ್ಯವಾಗಿ 50 ಮಿ.ಮೀ. ಆಸುಪಾಸು. ಎರಡು ಗಾಲಿಯ ಒಳ್ಳೆಯ ಪೆಟ್ಟಿಗೆಗಳಲ್ಲಿ 70ರಿಂದ 80 ಮಿ.ಮೀ. ಇರುತ್ತವೆ, ಇನ್‌ಲೈನ್ ಸ್ಕೇಟಿನ ಗಾಲಿಯಷ್ಟು. ಕೇಳುವಾಗ ಸಣ್ಣ ವ್ಯತ್ಯಾಸ ಎನಿಸುತ್ತದೆ. ಲೆಕ್ಕ ಹಾಕಿ ನೋಡಿ: 10 ಮಿ.ಮೀ. ಎದ್ದು ನಿಂತ ಕಲ್ಲಿನ ಅಂಚನ್ನು 50 ಮಿ.ಮೀ. ಗಾಲಿ ಹತ್ತಬೇಕಾದರೆ, ಆ ಗಾಲಿಯ ಮೇಲೆ ಎಷ್ಟು ಭಾರವಿದೆಯೋ ಅದರ ಸುಮಾರು 1.3 ಪಟ್ಟು ಬಲದಿಂದ ಎಳೆಯಬೇಕು. 80 ಮಿ.ಮೀ. ಗಾಲಿಗೆ 0.9 ಪಟ್ಟು ಸಾಕು. ಕಲ್ಲುಹಾಸಿನ ಬೀದಿಯಲ್ಲಿ ಇಂಥ ಅಂಚು ಹೆಜ್ಜೆಗೊಂದು. ಸಣ್ಣ ಗಾಲಿ ಪ್ರತಿ ಸಂದಿಯಲ್ಲೂ ಸಿಕ್ಕಿಕೊಂಡು ಪೆಟ್ಟಿಗೆ ಮುಂದಕ್ಕೆ ಮುಗ್ಗರಿಸುತ್ತದೆ.

ಹಾಗಾದರೆ ನಾಲ್ಕು ಗಾಲಿಯದನ್ನೂ ವಾಲಿಸಿ ಎರಡು ಗಾಲಿಯ ಮೇಲೆ ಎಳೆದರಾಯಿತಲ್ಲ ಎನ್ನುತ್ತಾರೆ. ಎಲ್ಲರೂ ಅದನ್ನೇ ಮಾಡುವುದು, ಮುರಿಯುವುದೂ ಅಲ್ಲೇ. ಸುತ್ತಲೂ ತಿರುಗುವ ಗಾಲಿ ಒಂದು ನೆಟ್ಟನೆಯ ಕೀಲಿನ ಮೇಲೆ ನಿಂತಿರುತ್ತದೆ. ಪೆಟ್ಟಿಗೆಯನ್ನು ವಾಲಿಸಿದಾಗ ಆ ಕೀಲೂ ವಾಲುತ್ತದೆ. ಗಾಲಿ ನೇರ ಓಡುವ ಬದಲು ಅತ್ತಿತ್ತ ತಿರುಚಿಕೊಳ್ಳುತ್ತದೆ, ಪ್ರತಿ ಏಟೂ ಅದನ್ನು ಹಿಡಿದಿರುವ ಪ್ಲಾಸ್ಟಿಕ್ ಕವಲಿಗೆ ಅಡ್ಡಡ್ಡ ಬೀಳುತ್ತದೆ. ಮೊದಲು ಗಡಗಡ ಸದ್ದು, ಆಮೇಲೆ ಒಂದು ಗಾಲಿ ತಿರುಗುವುದನ್ನು ನಿಲ್ಲಿಸುತ್ತದೆ, ಕೊನೆಗೆ ಕವಲೇ ಬಿರುಕು ಬಿಡುತ್ತದೆ. ಕೈ ಕೊಡುವುದು ಬಹುಪಾಲು ಸೆಮಿಸ್ಟರ್ ಮುಗಿಸಿ ತುಂಬು ಭಾರದೊಂದಿಗೆ ಹೊರಟಾಗಲೇ. ಎರಡು ಗಾಲಿಯದರಲ್ಲಿ ಆ್ಯಕ್ಸಲ್ ಗೂಡಿನೊಳಗೆ ಅಡ್ಡಲಾಗಿ ಕೂತಿರುತ್ತದೆ, ಹೊರಗೆ ಕಾಣುವುದು ಅರ್ಧ ಗಾಲಿ ಮಾತ್ರ. ಅದಕ್ಕೆ ತಿರುಚಿಕೊಳ್ಳಲು ದಾರಿಯೇ ಇಲ್ಲ.

ಮುರಿದ ಮೇಲಿನ ಕಥೆಯೂ ಬೇರೆಬೇರೆ. ನಾಲ್ಕು ಗಾಲಿಯದರಲ್ಲಿ ಕವಲು, ಗೂಡು, ಗಾಲಿ ಮೂರೂ ಸೇರಿ ಒಂದೇ ಬಿಡಿಭಾಗ. ಸ್ಕ್ರೂ ರಂಧ್ರಗಳ ಜಾಗ ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ. ಅಪರಿಚಿತ ಊರಿನಲ್ಲಿ ಅದೇ ಭಾಗ ಹುಡುಕುವುದು ಹರಸಾಹಸ. ಎರಡು ಗಾಲಿಯದನ್ನು ಹಾಸ್ಟೆಲ್ ಕೋಣೆಯಲ್ಲೇ ಸರಿಮಾಡಬಹುದು. ಗೂಡಿನ ಅಂಚಿಗೆ ಟೇಪ್ ಸುತ್ತಿ, ಗಾಲಿಗೂ ಗೂಡಿಗೂ ನಡುವಿನ ಸಂದಿಯಲ್ಲಿ ಹ್ಯಾಕ್ಸಾ ಬ್ಲೇಡ್ ತೂರಿಸಿ, ರಿವೆಟ್ ಆಗಿರುವ ಆ್ಯಕ್ಸಲ್ ಕತ್ತರಿಸಿ. ಎರಡು ತುಂಡನ್ನೂ ಎರಡು ಬದಿಯಿಂದ ಹೊರಗೆಳೆಯಿರಿ. ಹಳೆಯ ಗಾಲಿಯ ವ್ಯಾಸ, ಅಗಲ, ನಡುವಿನ ರಂಧ್ರ ಈ ಮೂರನ್ನೂ ಅಳೆದುಕೊಳ್ಳಿ. ರಂಧ್ರ ಸಾಮಾನ್ಯವಾಗಿ 6 ಅಥವಾ 8 ಮಿ.ಮೀ. ಬೇರಿಂಗ್ ಇದ್ದರೆ ಅದು ಹೆಚ್ಚಾಗಿ ಸ್ಕೇಟ್‌ಗಳಲ್ಲಿ ಬಳಸುವ 608 ಮಾದರಿಯದೇ: ಒಳವ್ಯಾಸ 8, ಹೊರವ್ಯಾಸ 22, ದಪ್ಪ 7 ಮಿ.ಮೀ. ಹೊಸ ಗಾಲಿಯನ್ನು ಬೋಲ್ಟ್ ಹಾಕಿ ಕೂರಿಸಿ, ನೈಲಾನ್ ಲಾಕ್‌ನಟ್‌ನಿಂದ ಬಿಗಿ ಮಾಡಿ. ಸಾಧಾರಣ ನಟ್ ಹಾಕಿದರೆ ಅಲುಗಾಟಕ್ಕೆ ಸಡಿಲವಾಗಿ ದಾರಿಯಲ್ಲೇ ಉದುರುತ್ತದೆ. ಒಂದು ಗಾಲಿ ಸವೆದಿದ್ದರೂ ಎರಡನ್ನೂ ಒಟ್ಟಿಗೆ ಬದಲಿಸಿ. ಇಲ್ಲದಿದ್ದರೆ ಪೆಟ್ಟಿಗೆ ಒಂದು ಕಡೆಗೆ ಎಳೆಯುತ್ತದೆ.

ಇನ್ನೊಂದು ಕಿರಿಕಿರಿ: ಬಸ್ಸು ರೈಲುಗಳಲ್ಲಿ ನಾಲ್ಕು ಗಾಲಿಯದು ನಿಂತಲ್ಲಿ ನಿಲ್ಲುವುದಿಲ್ಲ. ತಿರುವು ಬಂದಾಗಲೆಲ್ಲ ಕಾಲಲ್ಲಿ ಒತ್ತಿ ಹಿಡಿಯಬೇಕು, ಇಲ್ಲವೇ ಮಲಗಿಸಬೇಕು. ಎರಡು ಗಾಲಿಯದಕ್ಕೆ ಮುಂದೆ ಎರಡು ಪ್ಲಾಸ್ಟಿಕ್ ಪಾದಗಳಿರುತ್ತವೆ, ಇಟ್ಟಲ್ಲೇ ಇರುತ್ತದೆ.

ಇತಿಹಾಸದಲ್ಲೂ ಇದೇ ನಡೆದಿದೆ. ಬರ್ನಾರ್ಡ್ ಸ್ಯಾಡೋ 1972ರಲ್ಲಿ ಪೇಟೆಂಟ್ ಪಡೆದ ಗಾಲಿ ಸೂಟ್‌ಕೇಸ್‌ಗೆ ಗಾಲಿಗಳು ನಾಲ್ಕು, ಎಳೆಯಲು ಒಂದು ಪಟ್ಟಿ. ರಾಬರ್ಟ್ ಪ್ಲಾತ್ ಎಂಬ ಪೈಲಟ್ 1987ರಲ್ಲಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಎರಡೇ ಗಾಲಿ ಮತ್ತು ಉದ್ದಕ್ಕೆ ಬರುವ ಹಿಡಿ ಕೊಟ್ಟರು. ದಿನವೂ ಎಳೆಯಬೇಕಾದವನಿಗೆ ಹೊಳೆದ ಉಪಾಯವದು.

ಎರಡು ಗಾಲಿಯದರ ಕೊರತೆಯನ್ನೂ ಮುಚ್ಚಿಡುವುದಿಲ್ಲ: ಮಣಿಕಟ್ಟಿಗೆ ಭಾರ ಬೀಳುತ್ತದೆ. 23 ಕೆಜಿ ಪೆಟ್ಟಿಗೆಯನ್ನು ವಾಲಿಸಿ ಎಳೆಯುವಾಗ ಕೈಗೆ ಬರುವುದು ಸುಮಾರು 4ರಿಂದ 6 ಕೆಜಿ. ಪುಸ್ತಕ, ಶೂ, ಚಾರ್ಜರ್‌ಗಳ ಗಂಟು ಎಲ್ಲವನ್ನೂ ಗಾಲಿಯ ತುದಿಗೇ ತುಂಬಿದರೆ ಅದರಲ್ಲಿ ಒಂದೂವರೆ ಕೆಜಿಯಷ್ಟು ಇಳಿಯುತ್ತದೆ. ಮಣಿಕಟ್ಟಿಗೋ ಭುಜಕ್ಕೋ ಮೊದಲೇ ನೋವಿದ್ದವರು ನನ್ನ ಮಾತು ಬಿಟ್ಟು ನಾಲ್ಕು ಗಾಲಿಯದನ್ನೇ ಕೊಳ್ಳಿ, ಟ್ಯಾಕ್ಸಿಗೂ ಸ್ವಲ್ಪ ಹಣ ತೆಗೆದಿಡಿ. ಇನ್ನೊಂದು, ಹಿಡಿಯ ಕೊಳವೆಗಳು ಒಳಗೆ ತಳದಲ್ಲಿ ಎರಡು ದಿಬ್ಬ ಮಾಡುತ್ತವೆ. ನಡುವಿನ ಹಳ್ಳಕ್ಕೆ ಸುರುಳಿ ಸುತ್ತಿದ ಟೀ-ಶರ್ಟ್, ಕಾಲುಚೀಲ ತುಂಬಿ ಮಟ್ಟ ಮಾಡಿದ ಮೇಲೆ ಉಳಿದದ್ದನ್ನು ಇಡಿ.

ಕೋಣೆಯ ವಿಚಾರ ಅಂಗಡಿಯಲ್ಲಿ ಯಾರ ತಲೆಗೂ ಬರುವುದಿಲ್ಲ. ಗಟ್ಟಿ ಚಿಪ್ಪಿನದು ಪುಸ್ತಕದಂತೆ ನಡುವೆ ಬಿಚ್ಚಿಕೊಳ್ಳುತ್ತದೆ, ನೆಲದಲ್ಲಿ ಎರಡರಷ್ಟು ಜಾಗ ಬೇಕು. ಹಾಸ್ಟೆಲಿನ ಮಂಚಕ್ಕೂ ಮೇಜಿಗೂ ನಡುವೆ ಅಷ್ಟು ಜಾಗ ಇರುವುದು ಅಪರೂಪ. ಬಟ್ಟೆ ಮೈಯದರ ಮುಚ್ಚಳ ಮೇಲಕ್ಕೆ ತೆರೆಯುತ್ತದೆ. ಮಂಚದಡಿಯಿಂದ ಅರ್ಧ ಎಳೆದರೆ ಸಾಕು, ಐದು ತಿಂಗಳು ಅದೇ ಕಪಾಟು. ಪಾಸ್‌ಪೋರ್ಟ್ ಪ್ರತಿ, ಕೊಡೆ, ತೆಳು ಜಾಕೆಟ್‌ಗೆ ಹೊರಜೇಬೂ ಇರುತ್ತದೆ.

ಅಳತೆಯಲ್ಲಿ ಎಡವುವವರು ಬಹಳ. ಉದ್ದ, ಅಗಲ, ದಪ್ಪ ಮೂರನ್ನೂ ಕೂಡಿ 158 ಸೆಂ.ಮೀ., ತೂಕ 23 ಕೆಜಿ ಎನ್ನುವುದು ಹೆಚ್ಚಿನ ವಿಮಾನ ಸಂಸ್ಥೆಗಳ ಎಕಾನಮಿ ಮಿತಿ. ಆ 158ರಲ್ಲಿ ಗಾಲಿ, ಹಿಡಿ ಎರಡೂ ಸೇರುತ್ತವೆ. 76, 52, 30 ಎಂದು ಬರೆದಿರುವ ಪೆಟ್ಟಿಗೆ ಸರಿಯಾಗಿ ಗಡಿಯಲ್ಲಿದೆ. ಹಿಗ್ಗಿಸುವ ಜಿಪ್ ತೆರೆದರೆ ಐದು ಸೆಂ.ಮೀ. ಮೀರುತ್ತದೆ. ಆ ಗಾತ್ರದಲ್ಲಿ ಚಿಪ್ಪಿನ ಖಾಲಿ ತೂಕವೇ ನಾಲ್ಕರಿಂದ ಐದು ಕೆಜಿ, ಅಂದರೆ ಮಿತಿಯ ಐದನೇ ಒಂದು ಭಾಗ ಖಾಲಿ ಪೆಟ್ಟಿಗೆಗೇ ಹೋಯಿತು. 70 ಸೆಂ.ಮೀ. ಬಟ್ಟೆ ಮೈಯದು ಮೂರು, ಮೂರೂವರೆ ಕೆಜಿ. ದೊಡ್ಡದು ಕೊಂಡರೆ ತುಂಬಿಸದೆ ಬಿಡುವುದೂ ಕಷ್ಟ, ಕೌಂಟರಿನಲ್ಲಿ ತೂಕ ಮೀರಿ ನೆಲದ ಮೇಲೆ ಬಿಚ್ಚಿ ಕೂರುವ ಪಾಡು. ಹೋಗುವಾಗ 20 ಕೆಜಿಗೇ ನಿಲ್ಲಿಸಿ, ಬರುವಾಗ ಸಾಮಾನು ಹೆಚ್ಚಿಯೇ ಇರುತ್ತದೆ. ಕೊಕ್ಕೆಯಿರುವ ಪುಟ್ಟ ತೂಕದ ಯಂತ್ರವೊಂದನ್ನು ಜೊತೆಗೇ ಒಯ್ಯಿರಿ.

ಮಳೆಗೆ ಗಟ್ಟಿ ಚಿಪ್ಪೇ ಮೇಲು. ಬಟ್ಟೆ ಮೈಯದರ ಹೊಲಿಗೆಯಲ್ಲಿ ನೀರು ಇಳಿಯುತ್ತದೆ. ಒಳಗೆ ದೊಡ್ಡ ಪ್ಲಾಸ್ಟಿಕ್ ಚೀಲ ಹಾಸಿ ಅದರಲ್ಲಿ ತುಂಬಿದರೆ ಆ ಚಿಂತೆ ತೀರಿತು. ಚಿಪ್ಪನ್ನೇ ಕೊಳ್ಳುವುದಾದರೆ ಪಾಲಿಕಾರ್ಬೊನೇಟ್ ಅಥವಾ ಪಾಲಿಪ್ರೊಪಿಲೀನ್ ಇರಲಿ. ಬರೀ ಎಬಿಎಸ್ ಎಂಬ ಪ್ಲಾಸ್ಟಿಕ್ ಆದರೆ ಮೂಲೆಯಲ್ಲಿ ಏಟು ಬಿದ್ದಾಗ ಬಾಗುವ ಬದಲು ಸೀಳುತ್ತದೆ, ಚಳಿಯಲ್ಲಂತೂ ಇನ್ನೂ ಬೇಗ.

ಕಳ್ಳರಿಂದ ಚಿಪ್ಪು ಕಾಪಾಡುತ್ತದೆ ಎನ್ನುವ ನಂಬಿಕೆ ಬಿಡಿ. ಸುರುಳಿ ಹಲ್ಲಿನ ಜಿಪ್ ಇದ್ದರೆ ಬಾಲ್‌ಪೆನ್ ತುದಿ ಚುಚ್ಚಿ ತೆರೆಯಬಹುದು, ಬೀಗವನ್ನು ಮುಟ್ಟದೆ ಎಳೆತುದಿಗಳನ್ನು ಒಮ್ಮೆ ಓಡಿಸಿ ಮುಚ್ಚಲೂಬಹುದು. ಎರಡರದೂ ಅದೇ ಗತಿ. ಲ್ಯಾಪ್‌ಟಾಪ್, ಪ್ರವೇಶ ಪತ್ರ, ಔಷಧ, ಒಂದು ಜೊತೆ ಬಟ್ಟೆ ಬೆನ್ನಿನ ಚೀಲದಲ್ಲೇ ಇರಲಿ. ಪವರ್ ಬ್ಯಾಂಕ್ ಕೂಡ ಅಲ್ಲೇ: ಚೆಕ್-ಇನ್ ಪೆಟ್ಟಿಗೆಯಲ್ಲಿ ಅದಕ್ಕೆ ಅನುಮತಿಯಿಲ್ಲ, ಕೈಚೀಲದಲ್ಲಿ ಸಾಮಾನ್ಯ ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್‌ನದು 3.7 ವೋಲ್ಟ್ ಲೆಕ್ಕದಲ್ಲಿ 74 ಆಗುತ್ತದೆ, ತೊಂದರೆಯಿಲ್ಲ.

ಡಫಲ್ ನನ್ನ ಎರಡನೇ ಆಯ್ಕೆ, ಕೋಣೆ ತೀರ ಚಿಕ್ಕದೆಂದು ಮೊದಲೇ ಗೊತ್ತಿದ್ದರೆ ಮೊದಲನೆಯದೂ ಆಗಬಹುದು. ಗಾಲಿ ದೊಡ್ಡದು, ಖಾಲಿಯಾದ ಮೇಲೆ ಮಡಚಿ ಕಪಾಟಿನ ಮೇಲೆ ಎಸೆಯಬಹುದು. ಆದರೆ ಚೌಕಟ್ಟಿಲ್ಲದ ಕಾರಣ ನಿಲ್ಲಿಸಿದರೆ ವಾಲುತ್ತದೆ, ಎಲ್ಲವೂ ಕುಸಿದು ತಳ ಸೇರುತ್ತದೆ, ಬೇಕಾದ ವಸ್ತು ಯಾವಾಗಲೂ ಅಡಿಯಲ್ಲೇ. ಚಾರಣದ 65 ಲೀಟರ್ ಬೆನ್ನುಚೀಲ ಮೆಟ್ಟಿಲಿಗೆ ಬಹಳ ಹಿತ, 15 ಕೆಜಿ ದಾಟಿದರೆ ಹಿತವಿಲ್ಲ. ಪಟ್ಟಿಗಳು ಕನ್ವೇಯರಿಗೆ ಸಿಕ್ಕಿ ಹರಿಯದಂತೆ ಮುಚ್ಚುಹೊದಿಕೆ ಬೇಕೇಬೇಕು.

ಪೆಟ್ಟಿಗೆ ಒಡೆದು ಬಂದರೆ ನಿಲ್ದಾಣ ಬಿಡುವ ಮೊದಲೇ ವಿಮಾನ ಸಂಸ್ಥೆಯ ಲಗೇಜ್ ಕೌಂಟರಿನಲ್ಲಿ ವರದಿ ಬರೆಸಿ, ಫೋಟೊ ತೆಗೆದು, ಬ್ಯಾಗೇಜ್ ಟ್ಯಾಗ್ ಜೋಪಾನವಾಗಿಡಿ. ಅಂತರರಾಷ್ಟ್ರೀಯ ವಿಮಾನಯಾನಕ್ಕೆ ಸಂಬಂಧಿಸಿದ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾನಿಯ ಲಿಖಿತ ದೂರಿಗೆ ಕೈಸೇರಿದ ದಿನದಿಂದ 7 ದಿನ, ತಡವಾಗಿ ಬಂದದ್ದಕ್ಕೆ 21 ದಿನ ಅವಕಾಶ. ಗೀರು, ಸವೆದ ಗಾಲಿಗಳನ್ನು ಮಾತ್ರ ಸಹಜ ಸವೆತವೆಂದು ಬದಿಗೆ ಸರಿಸುವುದೇ ಹೆಚ್ಚು.

ಬಜೆಟ್ ಬಿಗಿಯಿದ್ದರೆ ಅಗ್ಗದ ನಾಲ್ಕು ಗಾಲಿಯದಕ್ಕಿಂತ ಅದೇ ಬೆಲೆಯ ಎರಡು ಗಾಲಿಯದು ಎಷ್ಟೋ ಗಟ್ಟಿ, ಏಕೆಂದರೆ ಅದರಲ್ಲಿ ಮುರಿಯುವ ಭಾಗಗಳೇ ಕಡಿಮೆ. ಹಳೆಯದು ಸಿಕ್ಕರೂ ಕೊಳ್ಳಬಹುದು, ಗಾಲಿ ಹೊಸದು ಹಾಕಿದರಾಯಿತು. ಕೊಳ್ಳುವಾಗ ಅಂಗಡಿಯಲ್ಲಿರುವ ಯಾವುದಾದರೂ ಭಾರ ತುಂಬಿಸಿ, ಹೊರಗಿನ ಒರಟು ನೆಲದಲ್ಲಿ ಎಳೆಯಿರಿ. ಹಿಡಿಯನ್ನು ಪೂರ್ತಿ ಎತ್ತಿ ಅಡ್ಡಕ್ಕೆ ಅಲ್ಲಾಡಿಸಿ. ಪಕ್ಕದ ಹಿಡಿಯಿಂದ ಒಮ್ಮೆ ಮೇಲೆತ್ತಿ, ಮೆಟ್ಟಿಲಲ್ಲಿ ಆಧಾರ ಅದೇ. ಆಮೇಲೆ ಒಳಗಿನ ಅಸ್ತರಿನ ಜಿಪ್ ತೆರೆದು ಗಾಲಿಯ ಗೂಡು ನೋಡಿ: ಸ್ಕ್ರೂ ಕಂಡರೆ ಕೊಳ್ಳಿ, ಬರೀ ರಿವೆಟ್ ಕಂಡರೆ ಪಕ್ಕದ್ದನ್ನು ತೆರೆಸಿ ನೋಡಿ.