ತೋಟದ ಸಮಾಧಿ, ಊರಿನ ರುದ್ರಭೂಮಿ: ಎರಡನ್ನೂ ಕಂಡ ಮೇಲೆ

ತಂದೆಯವರನ್ನು 2016ರ ಕಾರ್ತಿಕದಲ್ಲಿ ಆಲೂರು ತಾಲ್ಲೂಕಿನ ನಮ್ಮ ಸ್ವಂತ ತೋಟದಲ್ಲಿ ದಹನ ಮಾಡಿದೆವು. ತಾಯಿಯವರನ್ನು 2024ರ ಆಷಾಢದಲ್ಲಿ ಹಾಸನದ ಸಾರ್ವಜನಿಕ ರುದ್ರಭೂಮಿಗೆ ಕರೆದೊಯ್ದೆವು. ಈ ಎರಡರ ನಡುವೆ ದೊಡ್ಡಮ್ಮ ಮೈಸೂರಿನಲ್ಲಿ ತೀರಿಕೊಂಡಾಗ ಅಲ್ಲಿನ ವಿದ್ಯುತ್ ಚಿತಾಗಾರವನ್ನೂ ಹತ್ತಿರದಿಂದ ಕಂಡೆ. ನಮ್ಮ ಕಡೆ ಸ್ವಂತ ಜಮೀನಿದ್ದವರು ತೋಟವನ್ನು ಬಿಟ್ಟು ಬೇರೆಡೆಗೆ ಹೋಗುವುದನ್ನು ಇಂದಿಗೂ ಒಪ್ಪುವುದಿಲ್ಲ; ತಾಯಿಯವರ ವಿಷಯದಲ್ಲಿ ನಾನು ಕೇಳಿದ ಮಾತುಗಳು ಕಡಿಮೆಯಲ್ಲ. ಆದರೂ ಮೂರನ್ನೂ ಕಂಡವನಾಗಿ ನನ್ನ ಒಲವು ಸಾರ್ವಜನಿಕ ರುದ್ರಭೂಮಿಯ ಕಡೆಗೇ ಇದೆ.

ತೋಟದಲ್ಲಿ ದೊರೆಯುವ ನೆಮ್ಮದಿಯನ್ನು ನಾನು ಅಲ್ಲಗಳೆಯುವುದಿಲ್ಲ. ತಂದೆಯವರೇ ನೆಟ್ಟ ಮಾವಿನ ಮರದ ಸೌದೆಯಲ್ಲಿ, ಅವರು ದಿನವೂ ನೀರು ಕಟ್ಟುತ್ತಿದ್ದ ನೆಲದಲ್ಲಿ ಎಲ್ಲವೂ ನಡೆಯಿತು. ಮೂರನೆಯ ದಿನ ಹಾಲು ತುಪ್ಪ ಬಿಡುವಾಗ ಯಾರೂ ಬೇಗ ಮುಗಿಸಿ ಎನ್ನಲಿಲ್ಲ. ಅಸ್ಥಿಯನ್ನು ರಾಮನಾಥಪುರಕ್ಕೆ ಒಯ್ದು ಕಾವೇರಿಯಲ್ಲಿ ಬಿಟ್ಟು ಬಂದೆವು. ಮರುವರ್ಷ 38,000 ರೂಪಾಯಿ ಖರ್ಚು ಮಾಡಿ ಅದೇ ಜಾಗದಲ್ಲಿ ಕಟ್ಟೆಯನ್ನು ಕಟ್ಟಿ ಕಲ್ಲು ನಿಲ್ಲಿಸಿದೆವು. ಅಲ್ಲಿಯವರೆಗೆ ತೋಟವೇ ಸರಿ ಎಂದು ನಾನೂ ನಂಬಿದ್ದೆ.

ತೊಡಕು ಎದುರಾದದ್ದು 2018ರಲ್ಲಿ, ಪೌತಿ ಖಾತೆಗೆಂದು ನಾಡಕಚೇರಿಯ ಮೆಟ್ಟಿಲು ಹತ್ತಿದಾಗ. ಜಮೀನು ವಾರಸುದಾರರ ಹೆಸರಿಗೆ ಬರಬೇಕಾದರೆ ವಂಶವೃಕ್ಷದ ಜೊತೆಗೆ ಮರಣ ಪ್ರಮಾಣಪತ್ರ ಬೇಕು, ಅದು ನಮ್ಮ ಬಳಿ ಇರಲಿಲ್ಲ. ತಂದೆಯವರು ಮನೆಯಲ್ಲಿಯೇ ಹೋದವರು, ಆಸ್ಪತ್ರೆಯಿಂದ ವರದಿ ಹೋಗುವ ಸಂದರ್ಭವೇ ಇರಲಿಲ್ಲ. ಮನೆಯಲ್ಲಿ ಆದ ಮರಣವನ್ನು 21 ದಿನಗಳೊಳಗೆ ತಿಳಿಸುವುದು ಮನೆಯವರ ಹೊಣೆ ಎಂದು 1969ರ ಜನನ ಮರಣ ನೋಂದಣಿ ಕಾಯ್ದೆ ಹೇಳುತ್ತದೆ. ನಮ್ಮಲ್ಲಿ ಯಾರೂ ಅದನ್ನು ಮಾಡಿರಲಿಲ್ಲ. ಅವು ನೋಟು ರದ್ದಾದ ಮರುವಾರದ ದಿನಗಳು. ಅಣ್ಣ ಬೆಳಿಗ್ಗೆ ಎದ್ದರೆ ಬ್ಯಾಂಕಿನ ಸರತಿಯಲ್ಲಿ ನಿಲ್ಲುತ್ತಿದ್ದ, ತಿಥಿಯ ಅಡುಗೆಯವರಿಗೆ ಕೊಡಲು ಚಲಾವಣೆಯ ಹಣವನ್ನು ನಾನು ನೆಂಟರ ಮನೆಗಳಲ್ಲಿ ಹೊಂದಿಸುತ್ತಿದ್ದೆ. ಅವನು ತಿಳಿಸಿರುತ್ತಾನೆಂದು ನಾನು, ನಾನು ತಿಳಿಸಿರುತ್ತೇನೆಂದು ಅವನು ಸುಮ್ಮನಾದೆವು. ರುದ್ರಭೂಮಿಯಾಗಿದ್ದರೆ ಒಳಗೆ ಹೋಗುವಾಗಲೇ ಒಂದು ಪುಸ್ತಕದಲ್ಲಿ ಹೆಸರು, ದಿನಾಂಕ, ಸಂಬಂಧಿಯ ಸಹಿ ಬೀಳುತ್ತದೆ. ತೋಟದ ಬೇಲಿಗೆ ಅಂಥ ಪುಸ್ತಕವಿಲ್ಲ.

ಮೂವತ್ತು ದಿನಗಳೊಳಗಾದರೆ ವಿಳಂಬ ಶುಲ್ಕದಿಂದ ಮುಗಿಯುತ್ತಿತ್ತು, ಒಂದು ವರ್ಷದೊಳಗಾದರೆ ಮೇಲಧಿಕಾರಿಯ ಲಿಖಿತ ಅನುಮತಿ ಮತ್ತು ಅಫಿಡವಿಟ್ ಸಾಕಾಗುತ್ತಿತ್ತು. ವರ್ಷ ಕಳೆದಿದ್ದರಿಂದ ಆಗಿನ ಕಾನೂನಿನಂತೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕಾಯಿತು. ವಕೀಲರನ್ನು ಹಿಡಿದೆವು. ಮರಣ ದಾಖಲಾಗಿಲ್ಲವೆಂಬುದಕ್ಕೆ ನಮೂನೆ 10ರ ಅಲಭ್ಯತಾ ಪತ್ರ ತಂದೆವು. ಸಾಕ್ಷಿಗಳನ್ನು ಕರೆದೊಯ್ದೆವು. ದಹನವಾದದ್ದಕ್ಕೆ ಆಧಾರವೇನೆಂಬ ಪ್ರಶ್ನೆ ಬಂದಾಗ ನಮ್ಮಲ್ಲಿದ್ದದ್ದು ತಿಥಿಯ ಕಾರ್ಡೊಂದೇ.

ಆ ಕಾರ್ಡಿನಿಂದಲೇ ಇನ್ನೊಂದು ಗಂಟು ಬಿತ್ತು. ತಂದೆಯವರು ಪ್ರಾಣ ಬಿಟ್ಟದ್ದು ಗುರುವಾರ ರಾತ್ರಿ ಹನ್ನೆರಡೂವರೆಯ ಹೊತ್ತಿಗೆ. ಪಂಚಾಂಗದ ಲೆಕ್ಕದಲ್ಲಿ ದಿನ ಬದಲಾಗುವುದು ಸೂರ್ಯೋದಯಕ್ಕೆ, ಆದ್ದರಿಂದ ಮನೆಯವರಿಗೆಲ್ಲ ಅದು ಇನ್ನೂ ಗುರುವಾರವೇ ಆಗಿತ್ತು. ಕಾರ್ಡಿನಲ್ಲಿ, ಗೋಡೆಯ ಪಟದಲ್ಲಿ, ಕಟ್ಟೆಯ ಕಲ್ಲಿನಲ್ಲಿ ಎಲ್ಲ ಕಡೆಯೂ 17-11-2016 ಎಂದೇ ಇದೆ. ಅಂದು ರಾತ್ರಿ ಬಂದು ನಾಡಿ ನೋಡಿದ ವೈದ್ಯರು ಕೊಟ್ಟ ಚೀಟಿಯಲ್ಲಿ ಮಾತ್ರ 18 ಎಂದಿತ್ತು. ಅರ್ಜಿಯಲ್ಲಿ ಒಂದು ದಿನಾಂಕ, ಚೀಟಿಯಲ್ಲಿ ಇನ್ನೊಂದು. ಅರ್ಜಿಯನ್ನು ತಿದ್ದಬೇಕಾಯಿತು, ಸಾಕ್ಷಿಗಳು ಮತ್ತೆ ಬರಬೇಕಾಯಿತು. ನಮ್ಮ ಚಿಕ್ಕಪ್ಪ ಎಪ್ಪತ್ತೆಂಟರ ವಯಸ್ಸಿನಲ್ಲಿ ಎರಡನೆಯ ಸಲ ಬಸ್ಸು ಹತ್ತಿ ಬಂದು, "ನಮ್ಮಣ್ಣ ಸತ್ತಿದ್ದನ್ನ ಎಷ್ಟು ಸಲ ಹೇಳಬೇಕಪ್ಪ?" ಎಂದು ಕೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಆದೇಶ ಕೈಸೇರಲು ಏಳು ತಿಂಗಳು ಹಿಡಿಯಿತು. ಅಷ್ಟೂ ಕಾಲ ಸಹಕಾರ ಸಂಘದ ಬೆಳೆ ಸಾಲವನ್ನು ನಮ್ಮ ಹೆಸರಿಗೆ ಪಡೆಯಲಾಗಲಿಲ್ಲ. ಇದರಲ್ಲಿ ಕಚೇರಿಯವರನ್ನು ದೂರುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ. ಮಾಡಬೇಕಾದ್ದನ್ನು ಮಾಡದೆ ಹೋದವರು ನಾವು.

ತಾಯಿಯವರೂ ಮನೆಯಲ್ಲಿಯೇ ಹೋದರು, ಹಾಸನದ ಮನೆಯಲ್ಲಿ, ಬೆಳಗಿನ ಜಾವ. ಅವರಿಗೆ ಎರಡು ವರ್ಷಗಳಿಂದ ಚಿಕಿತ್ಸೆ ನೀಡುತ್ತಿದ್ದ ವೈದ್ಯರಿಂದ ನಮೂನೆ 4ಎ, ಅಂದರೆ ಆಸ್ಪತ್ರೆಯ ಹೊರಗೆ ಆದ ಮರಣಕ್ಕೆ ಕಾರಣ ತಿಳಿಸುವ ಪತ್ರವನ್ನು ಮೊದಲು ಪಡೆದೆ; ಗಂಟೆಯನ್ನು ಸ್ಪಷ್ಟವಾಗಿ ಬರೆಸಿದೆ. ರುದ್ರಭೂಮಿಯಲ್ಲಿ ದಹನದ ರಸೀದಿ ಕೊಟ್ಟರು. ಇವೆರಡರ ಜೊತೆಗೆ ಆಧಾರ್ ಪ್ರತಿಗಳನ್ನಿಟ್ಟು ಐದನೆಯ ದಿನ ಮಾಹಿತಿ ಸಲ್ಲಿಸಿದೆ. 2023ರಲ್ಲಿ ತಿದ್ದುಪಡಿಯಾದ ಕಾಯ್ದೆಯ ಪ್ರಕಾರ ನೋಂದಣಿ ಮುಗಿದ 7 ದಿನಗಳೊಳಗೆ ಮಾಹಿತಿ ಕೊಟ್ಟವರಿಗೆ ಪ್ರಮಾಣಪತ್ರ ಉಚಿತವಾಗಿ ದೊರೆಯಬೇಕು. ನಮಗೆ ಹನ್ನೊಂದನೆಯ ದಿನದ ಕಾರ್ಯಕ್ಕೆ ಮೊದಲೇ ಅದು ಬಂದಿತ್ತು. ಒಂದು ಮಾತನ್ನು ಇಲ್ಲಿ ಸೇರಿಸಬೇಕು: ಮರಣ ಎಲ್ಲಿ ಸಂಭವಿಸಿತೋ ಅಲ್ಲಿಯೇ ನೋಂದಣಿಯಾಗುತ್ತದೆ. ಹಾಸನದಲ್ಲಿ ತೀರಿಕೊಂಡವರನ್ನು ಹಳ್ಳಿಗೆ ಒಯ್ದು ಸಂಸ್ಕಾರ ಮಾಡಿದರೂ ದಾಖಲೆ ಹಾಸನದ್ದೇ.

ಸೌದೆಯ ವಿಷಯವೂ ಆಷಾಢದಲ್ಲಿ ಸಣ್ಣದಲ್ಲ. ಒಂದು ಚಿತೆಗೆ ಸುಮಾರು 300ರಿಂದ 400 ಕಿಲೋ ಒಣ ಸೌದೆ ಬೇಕಾಗುತ್ತದೆ, ಆ ವಾರ ನಮ್ಮ ತೋಟದಲ್ಲಿದ್ದದ್ದು ನೆನೆದ ಸಿಲ್ವರ್ ಓಕ್ ಮಾತ್ರ. ರುದ್ರಭೂಮಿಯಲ್ಲಿ ತಗಡಿನ ಮಾಡಿನ ಕೆಳಗೆ ಒಣ ಸೌದೆ ಇತ್ತು, ಚಿತೆಯ ಮೇಲೂ ಮಾಡಿತ್ತು.

ವಿದ್ಯುತ್ ಚಿತಾಗಾರದಲ್ಲಿ ಸೌದೆಯ ಚಿಂತೆಯೇ ಇಲ್ಲ, ಕೆಲಸ ಬೇಗ ಮುಗಿಯುತ್ತದೆ, ಬೂದಿ ಅದೇ ದಿನ ಕೈಗೆ ಬರುತ್ತದೆ. ಹಾಲು ತುಪ್ಪಕ್ಕೆ ಮಾತ್ರ ಜಾಗ ಉಳಿಯುವುದಿಲ್ಲ, ದೊಡ್ಡಮ್ಮನ ಮಕ್ಕಳು ಅದನ್ನು ನದಿಯ ದಡದಲ್ಲಿ ಮಾಡಿದರು. ಆ ಶಾಸ್ತ್ರ ಮುಖ್ಯವಲ್ಲದ ಮನೆಯವರಿಗೆ ಇದಕ್ಕಿಂತ ಸುಲಭವಾದದ್ದು ಇಲ್ಲವೆಂದೇ ಹೇಳಬೇಕು. ಸೌದೆಯ ರುದ್ರಭೂಮಿಯಲ್ಲಿಯೂ ಮೂರನೆಯ ದಿನ ಕಾವಲುಗಾರರು ಹೇಳಿದ ಹೊತ್ತಿಗೆ ಹೋಗಬೇಕು, ಏಕೆಂದರೆ ಆ ಜಾಗ ಇನ್ನೊಂದು ಮನೆಯವರಿಗೆ ಬೇಕಾಗಿರುತ್ತದೆ. ನಾವು ಬೆಳಿಗ್ಗೆ ಏಳಕ್ಕೆ ಹೋಗಿ ಎಂಟಕ್ಕೆ ಹೊರಟೆವು.

ಇನ್ನು ನೆನಪಿನ ಗುರುತಿನ ಮಾತು. ಹಾಸನ ಜಿಲ್ಲೆಯವರಿಗೆ ಸತ್ತವರಿಗಾಗಿ ಕಲ್ಲು ನಿಲ್ಲಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟವರ ನಿಷಿಧಿ ಶಾಸನಗಳು ಏಳನೆಯ ಶತಮಾನದಿಂದ ನಿಂತಿವೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಇಮ್ಮಡಿ ಬಲ್ಲಾಳನಿಗಾಗಿ ಪ್ರಾಣ ಕೊಟ್ಟ ಕುವರ ಲಕ್ಷ್ಮನ ಗರುಡಗಂಬವಿದೆ. ಇವೆಲ್ಲ ಎಲ್ಲರೂ ನಡೆದಾಡುವ ಜಾಗದಲ್ಲಿ ನಿಂತ ಕಲ್ಲುಗಳು, ಓದುವವರು ಅಲ್ಲಿಗೆ ಬರುತ್ತಾರೆ. ನಮ್ಮ ತೋಟದ ಕಟ್ಟೆ 2021ರ ಪಾಲಿನಲ್ಲಿ ಅಣ್ಣನ ಭಾಗಕ್ಕೆ ಸೇರಿತು. ಅವನು ಒಳ್ಳೆಯವನು, ಯಾವತ್ತೂ ಬೇಡವೆಂದಿಲ್ಲ. ಆದರೆ ಈಗ ಅಲ್ಲಿಗೆ ಹೋಗಬೇಕಾದರೆ ಹಿಂದಿನ ದಿನ ಫೋನು ಮಾಡಿ ಗೇಟಿನ ಬೀಗದ ಕೈ ಎಲ್ಲಿದೆಯೆಂದು ಕೇಳುತ್ತೇನೆ. ಮುಂದೆ ಅವನ ಮಕ್ಕಳು ಜಮೀನು ಮಾರಿದರೆ ಕೊಂಡವರನ್ನು ಕೇಳಬೇಕಾಗುತ್ತದೆ. ನಾನು ಊರಿಗೆ ಹೋಗುವುದೇ ವರ್ಷಕ್ಕೆ ಎರಡು ಸಲ, ಮಹಾಲಯಕ್ಕೆ ಮತ್ತು ದೀಪಾವಳಿಗೆ.

ರುದ್ರಭೂಮಿಯಲ್ಲಿ ದಹನದ ಜಾಗದಲ್ಲಿ ಸ್ವಂತದ ಗುರುತು ನಿಲ್ಲಿಸುವಂತಿಲ್ಲ. ತಾಯಿಯವರ ಹೆಸರಿನಲ್ಲಿ ನಾನು ಓದಿದ ಸರ್ಕಾರಿ ಪ್ರೌಢಶಾಲೆಗೆ ದತ್ತಿ ಇಡುವುದನ್ನು ಯೋಚಿಸಿದೆ. 25,000 ರೂಪಾಯಿ ಠೇವಣಿಗೆ ಶೇಕಡ 7ರಂತೆ ವರ್ಷಕ್ಕೆ 1,750 ಬರುತ್ತದೆ, ಒಬ್ಬ ವಿದ್ಯಾರ್ಥಿಗೆ ಬಹುಮಾನವಾಗುತ್ತದೆ. ಮುಂದೆ ಕೈಲಾದಾಗ ಅದನ್ನೂ ಮಾಡುತ್ತೇನೆ. ಆದರೆ ಆ ದಿನ ಮಳೆಯಲ್ಲಿ ನಮ್ಮ ಜೊತೆ ಬಂದ ಹಿರಿಯರು, ಜನ ಹೆಚ್ಚಾಗಿ ಆಸನ ಸಾಲದೆ, ಮಾಡಿನ ಕಂಬಕ್ಕೆ ಒರಗಿ ಎರಡು ಗಂಟೆ ನಿಂತಿದ್ದರು. ತಾಯಿ ಇದ್ದಿದ್ದರೆ ಮನೆಗೆ ಬಂದವರನ್ನು ನಿಲ್ಲಿಸಿ ಮಾತನಾಡಿಸಿದವರಲ್ಲ. ಹಾಗಾಗಿ ಅಲ್ಲಿಗೇ ಒಂದು ಕಲ್ಲುಬೆಂಚು ಕೊಡಲು ನಿಶ್ಚಯಿಸಿದೆ.

ಇದಕ್ಕೆ ಆಯುಕ್ತರಿಗೆ ಲಿಖಿತ ಮನವಿ ಕೊಡಬೇಕು. ಬೆಂಚಿನ ಅಳತೆ, ಇಡುವ ಜಾಗ, ಕೆತ್ತಿಸುವ ಒಕ್ಕಣೆ ಮೂರನ್ನೂ ಅದರಲ್ಲಿ ಬರೆಯಬೇಕು. ಕೊಟ್ಟ ಮೇಲೆ ಅದು ನಗರಾಡಳಿತದ ಸ್ವತ್ತು, ಮುಂದೆ ಬೇರೆಡೆಗೆ ಸರಿಸಿದರೆ ತಕರಾರಿಲ್ಲವೆಂದೂ ಒಪ್ಪಬೇಕು. ಸ್ಮಶಾನಗಳೂ ಉದ್ಯಾನಗಳೂ ಜನನ ಮರಣದ ದಾಖಲೆಯೂ ಸಂವಿಧಾನದ 12ನೆಯ ಅನುಸೂಚಿಯಲ್ಲಿ ನಗರ ಸಂಸ್ಥೆಗಳ ಕೆಲಸಗಳೆಂದು ಒಟ್ಟಿಗೇ ಇವೆ, ಆದ್ದರಿಂದ ಉದ್ಯಾನಕ್ಕೆ ಕೊಡುವವರಿಗೂ ಇದೇ ಬಾಗಿಲು. ಗ್ರಾನೈಟಿನ ಬೆಂಚು, ಸಾಗಣೆ, ಕೂರಿಸುವ ಕೂಲಿ ಸೇರಿ 14,000 ರೂಪಾಯಿ ಆಯಿತು. ತೋಟದ ಕಟ್ಟೆಗೆ ತಗುಲಿದ್ದರ ಅರ್ಧಕ್ಕಿಂತ ಕಡಿಮೆ.

ಕಲ್ಲು ಕೆತ್ತಿಸುವವರು ಒಂದು ಎಚ್ಚರ ವಹಿಸಬೇಕು. ಈಗ ಅಕ್ಷರವನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಯಂತ್ರದಿಂದ ಕೊರೆಯುತ್ತಾರೆ. ಮೊಬೈಲಿನಲ್ಲಿ ನಾನು ಕಳಿಸಿದ ಬರಹ ಅಂಗಡಿಯವರ ತಂತ್ರಾಂಶಕ್ಕೆ ಹೋದಾಗ ಒತ್ತಕ್ಷರಗಳು ಬಿಡಿಬಿಡಿಯಾಗಿದ್ದವು, ತಾಯಿಯ ಹೆಸರಿನಲ್ಲಿರುವ ಎರಡು ಒತ್ತುಗಳೂ ಕೆಳಗಿಳಿಯದೆ ಸಾಲಿನಲ್ಲೇ ನಿಂತಿದ್ದವು. ಕಾಗದದ ಮೇಲೆ ನಿಜವಾದ ಅಳತೆಯಲ್ಲಿ ಮುದ್ರಿಸಿ ತೋರಿಸಿರೆಂದು ಹಟ ಹಿಡಿದದ್ದರಿಂದ ಅದು ಕಣ್ಣಿಗೆ ಬಿತ್ತು. ಬಣ್ಣ ತುಂಬಿದ ಅಕ್ಷರಕ್ಕಿಂತ ಆಳವಾಗಿ ಕೊರೆದದ್ದು ಉತ್ತಮ. ತೋಟದ ಕಲ್ಲಿನ ಬಣ್ಣ ಏಳು ಮಳೆಗಾಲಕ್ಕೆ ಹೋಗಿದೆ.

ಊರಿನಲ್ಲಿಯೇ ನೆಲೆಸಿರುವವರು, ಜಮೀನು ಪಾಲಾಗದೆ ಒಂದೇ ಕೈಯಲ್ಲಿರುವವರು ತೋಟವನ್ನು ಆರಿಸಿಕೊಂಡರೆ ನಾನು ಬೇಡವೆನ್ನುವುದಿಲ್ಲ, ಇಪ್ಪತ್ತೊಂದು ದಿನಗಳನ್ನು ಮಾತ್ರ ಎಣಿಸುತ್ತಿರಲಿ. ನನಗೆ ರುದ್ರಭೂಮಿ ಮನೆಯಿಂದ ಇಪ್ಪತ್ತು ನಿಮಿಷದ ನಡಿಗೆ, ಅಮಾವಾಸ್ಯೆಯ ಬೆಳಿಗ್ಗೆ ಯಾರನ್ನೂ ಕೇಳದೆ ಹೋಗಿ ಬೆಂಚಿನ ಮೇಲಿನ ಎಲೆ ಗುಡಿಸಿ ಬರುತ್ತೇನೆ. ಕಳೆದ ಸಲ ಹೋದಾಗ ಅದರ ಮೇಲೆ ಗುರುತಿಲ್ಲದ ಇಬ್ಬರು ವೃದ್ಧೆಯರು ಕುಳಿತಿದ್ದರು, ಅವರ ಮನೆಯ ಚಿತೆ ಆಗಷ್ಟೇ ಹತ್ತಿಕೊಂಡಿತ್ತು. ಅಂದು ಗುಡಿಸದೆಯೇ ಬಂದೆ.